ಏಳನೆಯ ಬಣವೆ

ಪ್ರತಿ ಗುರುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ ಸಂಶೋಧಕಿಯು ಏಳನೆಯ ಬಣವೆಯನ್ನು ದೋಚಲು ಹೊರಡುತ್ತಿದ್ದಳು. ದೋಚುವುದು ಎಂಬ ಮಾತು ಅವಳದಲ್ಲ, ಅಡುಗೆಯಾಕೆಯದು. ಸಂಶೋಧಕಿಯ ಪುಸ್ತಕದಲ್ಲಿ ಆ ಕೆಲಸಕ್ಕೆ ‘ಸಾಪ್ತಾಹಿಕ ತೂಕ’ ಎಂಬ ಗೌರವಯುತವಾದ ಹೆಸರಿತ್ತು.

ಮರಗಳ ಸಾಲು ಮುಗಿದು ಬರೀ ಬಂಡೆ, ಹುಲ್ಲು ಮತ್ತು ಗಾಳಿ ಉಳಿಯುವ ಎತ್ತರದಲ್ಲಿ ನಾಲ್ಕು ಕೋಣೆಗಳ ಆ ಅಧ್ಯಯನ ಕೇಂದ್ರವಿತ್ತು. ಅದರ ಹಿಂಬದಿಯಲ್ಲಿ, ಬೆಟ್ಟದಿಂದ ಉರುಳಿಬಿದ್ದ ಕಲ್ಲುಗಳ ರಾಶಿಯಲ್ಲಿ, ಹನ್ನೆರಡು ಪೈಕಾಗಳು ಒಂದಕ್ಕೊಂದು ಮುಖ ಕೊಡದೆ ಬೇರೆ ಬೇರೆ ಮನೆ ಮಾಡಿಕೊಂಡಿದ್ದವು. ಪೈಕಾ ಎಂದರೆ ಮೊಲದ ದಾಯಾದಿ. ಮುಷ್ಟಿಗಿಂತ ತುಸು ದೊಡ್ಡದು, ದುಂಡಗಿನದು, ಬಾಲವಿಲ್ಲದ್ದು. ಉದ್ದ ಕಿವಿಯಿಂದ ಮೈಶಾಖ ಸೋರಿಹೋಗುವುದರಿಂದ ಇದರ ಕಿವಿ ಗಿಡ್ಡ; ಹಿಮದ ಮೇಲೆ ಓಡಾಡಬೇಕಾದ್ದರಿಂದ ಅಂಗಾಲಿನಲ್ಲೂ ಕೂದಲು. ಚಳಿಗಾಲ ಬಂತೆಂದು ಇದು ಕರಡಿಯ ಹಾಗೆ ಗುಹೆ ಸೇರಿ ಗೊರಕೆ ಹೊಡೆಯುವುದಿಲ್ಲ. ಬೇಸಿಗೆಯ ಕೊನೆಯಲ್ಲಿ ದಿನಕ್ಕೆ ನೂರು ಸಲ ಓಡಾಡಿ, ಬಾಯಿ ತುಂಬ ಹುಲ್ಲು ಹೂವು ಕತ್ತರಿಸಿ ತಂದು, ಬಿಸಿಲಿಗೆ ಒಣಗಿಸಿ, ಬಂಡೆಯಡಿಯಲ್ಲಿ ತನ್ನ ತೂಕದ ಇಪ್ಪತ್ತೈದು ಪಟ್ಟು ಬಣವೆ ಒಟ್ಟುತ್ತದೆ. ಆಮೇಲೆ ಆರು ತಿಂಗಳು, ಹಿಮದ ಹೊದಿಕೆಯ ಕೆಳಗೆ ಬೆಚ್ಚಗೆ ಕೂತು ಅದನ್ನೇ ತಿನ್ನುತ್ತದೆ.

ಹನ್ನೆರಡು ಬಣವೆಗಳನ್ನೂ ವಾರಕ್ಕೊಮ್ಮೆ ಹೊರಗೆಳೆದು, ಪದರ ಪದರವಾಗಿ ಬಟ್ಟೆಯ ಮೇಲಿಟ್ಟು, ಕೊಕ್ಕೆ ತಕ್ಕಡಿಯಲ್ಲಿ ತೂಗಿ, ತೇವಾಂಶ ಪರೀಕ್ಷೆಗೆಂದು ಇಪ್ಪತ್ತು ಗ್ರಾಂ ತೆಗೆದಿಟ್ಟುಕೊಂಡು, ಉಳಿದದ್ದನ್ನು ಮೊದಲಿದ್ದ ಪದರಗಳ ಕ್ರಮದಲ್ಲೇ ಮರಳಿ ಜೋಡಿಸುವುದು ಸಂಶೋಧಕಿಯ ಕೆಲಸ. ಇದರಿಂದಾಗಿ ಕೇಂದ್ರದಲ್ಲಿ ಅವಳಿಗೆ ‘ತಕ್ಕಡಿ’ ಎಂಬ ಹೆಸರು ಬಿದ್ದಿತ್ತು. ಅವಳಿಗೆ ಆ ಹೆಸರಿನ ಬಗ್ಗೆ ತಕರಾರಿರಲಿಲ್ಲ. ತಕ್ಕಡಿ ಒಳ್ಳೆಯ ಉಪಕರಣ.

ಹನ್ನೊಂದು ಪೈಕಾಗಳು ತೂಕದ ಹೊತ್ತಿನಲ್ಲಿ ಕಲ್ಲಿನ ಸಂದಿಗೆ ನುಸುಳಿ ಮಾನ ಉಳಿಸಿಕೊಳ್ಳುತ್ತಿದ್ದವು. ಏಳನೆಯದರ ರೀತಿ ಬೇರೆ. ಅದು ಎದುರಿನ ಬಂಡೆಯ ಮೇಲೆ ನಿಂತು, ಬಾಯಿ ತೆರೆದು, ಇಡೀ ಬೆಟ್ಟಕ್ಕೆ ಕೇಳುವಂತೆ ಕಿರುಚುತ್ತಿತ್ತು. ಆ ಬಂಡೆಯಿಂದ ಅಡುಗೆಮನೆಯ ಕಿಟಕಿಗೆ ಹನ್ನೆರಡು ಮೀಟರ್ ದೂರ. ಸಂಶೋಧಕಿ ಅದನ್ನೂ ಅಳೆದಿದ್ದಳು. ಪ್ರತಿ ಗುರುವಾರ ಎಷ್ಟು ಕಿರುಚಿತು ಎಂದು ಎಣಿಸಿ ಬರೆದಿಡುವುದಕ್ಕೂ ಒಂದು ಕಾಲಂ ಇತ್ತು. ಅದು ಯಾತಕ್ಕೆ ಬೇಕಾಗುತ್ತದೆಂದು ಆಗ ಅವಳಿಗೇ ತಿಳಿದಿರಲಿಲ್ಲ.

“ಪಾಪದ ಪ್ರಾಣಿ, ಹೆಂಗೆ ಬಾಯಿ ಬಡ್ಕೊಳ್ತಿದೆ ನೋಡು,” ಎಂದು ಅಡುಗೆಯಾಕೆ ಕಿಟಕಿಯಿಂದ ಕೂಗುತ್ತಿದ್ದಳು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. “ಬೆವರು ಸುರಿಸಿ ಕೂಡಿಟ್ಟಿದ್ದನ್ನ ಹಾಡಹಗಲೇ ಎಳ್ಕೊಂಡು ಹೋಗ್ತೀಯಲ್ಲ ತಕ್ಕಡಿ, ಕೈ ನಡುಗಲ್ವಾ ನಿಂಗೆ?”

“ಇಪ್ಪತ್ತೇ ಗ್ರಾಂ, ಅಕ್ಕ.”

“ನಿನ್ನ ತಟ್ಟೆಯಿಂದ ದಿನಾ ಇಪ್ಪತ್ತು ಗ್ರಾಂ ಎತ್ಕೊಳ್ತೀನಿ, ಆಗ ಹೇಳು.”

ಅಕ್ಕನ ಗಂಡ ಕೇಂದ್ರದ ಜೀಪು ಓಡಿಸುತ್ತಿದ್ದ. ಅವಳು ಎಲ್ಲರಿಗೂ ಅಕ್ಕನಾದ ಮೇಲೆ ಅವನು ಎಲ್ಲರಿಗೂ ಭಾವನಾಗಿದ್ದು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಇವರಲ್ಲದೆ ಹವಾಮಾನ ದಾಖಲಿಸುವ ನಡುವಯಸ್ಸಿನ ಗುಮಾಸ್ತನೊಬ್ಬನಿದ್ದ. ಬೆಳಗ್ಗೆ ಎದುರಾದವರಿಗೆ ನಮಸ್ಕಾರದ ಬದಲು “ಮೈನಸ್ ಮೂರು” ಎಂದೋ “ಮೈನಸ್ ಐದು” ಎಂದೋ ಹೇಳುತ್ತಿದ್ದುದರಿಂದ ಅವನ ಹೆಸರು ಮೈನಸ್. ಇವರೆಲ್ಲರ ಮೇಲೆ ಕೇಂದ್ರದ ಮುಖ್ಯಸ್ಥೆ, ಮೇಡಂ. ಮೂವತ್ತು ವರ್ಷದ ಸೇವೆಯಲ್ಲಿ ಆಕೆ ನಕ್ಕದ್ದನ್ನು ನೋಡಿದವರಿಲ್ಲ ಎಂಬ ಮಾತಿತ್ತು. ಎರಡು ಸಲ ನಕ್ಕಿದ್ದರು ಎಂದು ಭಾವ ವಾದಿಸುತ್ತಿದ್ದ, ಆದರೆ ಅವನ ಬಳಿ ಸಾಕ್ಷಿ ಇರಲಿಲ್ಲ.

ಸಂಶೋಧಕಿಯ ನೇಮಕ ಆರು ತಿಂಗಳದ್ದು. ಅವಧಿ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ವಾರಕ್ಕೊಮ್ಮೆ ಅಮ್ಮ ಫೋನಿನಲ್ಲಿ ಆ ವಿಷಯವನ್ನು ನೆನಪಿಸುತ್ತಿದ್ದಳು.

“ಅಷ್ಟು ಓದಿಸಿದ್ದು ಇಲಿ ಮೇವು ತೂಗೋಕಾ ಕಣೇ?”

“ಇಲಿ ಅಲ್ಲಮ್ಮ. ಮೊಲದ ದಾಯಾದಿ.”

“ದಾಯಾದಿಗಳ ಸಹವಾಸ ಇಲ್ಲೇ ಸಾಕಾಗಿದೆ. ಕೆಲಸ ಕಾಯಂ ಯಾವಾಗ ಆಗುತ್ತೆ, ಅದನ್ನ ಹೇಳು.”

ಹೇಳಲು ಏನೂ ಇಲ್ಲದಿದ್ದ ಹೊತ್ತಿನಲ್ಲಿ ಏಳನೆಯ ಬಣವೆ ಬೆಳೆಯತೊಡಗಿತು. ಉಳಿದ ಬಣವೆಗಳು ಮೂರೂವರೆ ಕಿಲೋದಿಂದ ನಾಲ್ಕರ ನಡುವೆ ಮರ್ಯಾದೆಯಿಂದ ನಿಂತಿದ್ದರೆ, ಏಳನೆಯದು ಐದಾಯಿತು, ಏಳಾಯಿತು, ಒಂಬತ್ತನ್ನು ದಾಟಿತು. ತಕ್ಕಡಿ ಕೆಟ್ಟಿರಬಹುದೆಂದು ಸಂಶೋಧಕಿ ಅದಕ್ಕೆ ಒಂದು ಕಿಲೋ ಉಪ್ಪಿನ ಪೊಟ್ಟಣವನ್ನು ನೇತುಹಾಕಿ ಪರೀಕ್ಷಿಸಿದಳು. ಪೊಟ್ಟಣದಲ್ಲಿ ಆರು ಗ್ರಾಂ ಉಪ್ಪು ಕಡಿಮೆಯಿತ್ತು, ತಕ್ಕಡಿ ಸರಿಯಾಗಿತ್ತು. ಹನ್ನೊಂದು ಕಿಲೋ ಮುಟ್ಟಿದ ದಿನ ಅವಳು ನಾಲ್ಕು ಪುಟದ ವರದಿ ಬರೆದು ಕೇಂದ್ರ ಕಚೇರಿಗೆ ಕಳಿಸಿದಳು. ಅದರ ಮುಖ್ಯ ವಾಕ್ಯ ಹೀಗಿತ್ತು: ‘ಬರಲಿರುವ ಚಳಿಗಾಲದ ತೀವ್ರತೆಯನ್ನು ಏಳನೆಯ ಪ್ರಾಣಿಯು ಮುಂಚಿತವಾಗಿಯೇ ಗ್ರಹಿಸಿ, ಅದಕ್ಕೆ ತಕ್ಕಂತೆ ಸಂಗ್ರಹವನ್ನು ಹೆಚ್ಚಿಸಿಕೊಂಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.’

ವರದಿಯನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದಾಗ ಯಾರೂ ಚಕಾರ ಎತ್ತಲಿಲ್ಲ. ಮೈನಸ್ ಮಾತ್ರ ಗಂಟಲು ಸರಿಮಾಡಿಕೊಂಡು, “ನನ್ನ ಉಪಕರಣಗಳಲ್ಲಿ ಹಂಗೇನೂ ಕಾಣ್ತಿಲ್ಲ. ಆದ್ರೂ ಪ್ರಾಣಿಗೆ ಗೊತ್ತಿರಬಹುದು,” ಎಂದ.

ಕೇಂದ್ರ ಕಚೇರಿಯಿಂದ ಒಂದೇ ವಾರದಲ್ಲಿ ಉತ್ತರ ಬಂತು. ಸಮಿತಿಯ ಅಧ್ಯಕ್ಷರು ಖುದ್ದಾಗಿ ಬರುತ್ತಾರೆ. ವಿಷಯ ನಿಜವಾದರೆ ಯೋಜನೆಯನ್ನು ಮುಂದುವರಿಸಿ ಸಂಶೋಧಕಿಯನ್ನು ಕಾಯಂಗೊಳಿಸಲಾಗುವುದು. ಅಮ್ಮನಿಗೆ ಸುದ್ದಿ ಮುಟ್ಟಿದ ಅರ್ಧ ಗಂಟೆಯಲ್ಲಿ ಇಬ್ಬರು ಚಿಕ್ಕಮ್ಮಂದಿರು ಮತ್ತು ಒಬ್ಬ ಸೋದರಮಾವ ಫೋನು ಮಾಡಿ, ಇಲಿಗೆ ಶುಭ ಕೋರಿದರು.

ಅಧ್ಯಕ್ಷರು ಬರುವ ಹಿಂದಿನ ದಿನ, ಬಣವೆಯಲ್ಲಿ ಯಾವ ಗಿಡ ಎಷ್ಟಿದೆ ಎಂಬ ಕೋಷ್ಟಕವೊಂದಿದ್ದರೆ ಒಳ್ಳೆಯದೆಂದು ಸಂಶೋಧಕಿಗೆ ತೋರಿತು. ಏಳನೆಯ ಬಣವೆಯನ್ನು ಇಡಿಯಾಗಿ ಒಳಗೆ ತಂದು ಊಟದ ಕೋಣೆಯ ನೆಲದ ಮೇಲೆ ಬಟ್ಟೆ ಹಾಸಿ ಹರಡಿದಳು. ತಕ್ಕಡಿ ಹನ್ನೊಂದು ಕಿಲೋ ಇನ್ನೂರ ನಲವತ್ತು ಗ್ರಾಂ ತೋರಿಸಿತು. ಇಷ್ಟು ವಾರ ಅವಳು ಪದರಗಳನ್ನು ಹಾಗಹಾಗೇ ಎತ್ತಿ ತೂಗಿದ್ದಳೇ ಹೊರತು ಬಿಡಿಸಿ ನೋಡಿರಲಿಲ್ಲ. ವಿಂಗಡಿಸತೊಡಗಿದ ಹತ್ತನೆಯ ನಿಮಿಷಕ್ಕೆ ಗೋಧಿಯ ಹುಲ್ಲು ಸಿಕ್ಕಿತು. ಗೋಧಿ ಬೆಳೆಯುವ ಹೊಲ ಅಲ್ಲಿಂದ ನಲವತ್ತು ಕಿಲೋಮೀಟರ್ ಕೆಳಗೆ. ನೂರೈವತ್ತು ಗ್ರಾಂ ತೂಕದ ಪ್ರಾಣಿಯೊಂದು ದಿನಕ್ಕೆ ಎಂಬತ್ತು ಕಿಲೋಮೀಟರ್ ನಡೆಯಬಹುದೇ ಎಂದು ಅವಳು ಪ್ರಾಮಾಣಿಕವಾಗಿ ಎರಡು ನಿಮಿಷ ಯೋಚಿಸಿದಳು. ಮೂರನೆಯ ನಿಮಿಷದಲ್ಲಿ ಹಸಿರು ದಾರದಿಂದ ಗಂಟು ಹಾಕಿದ ಹುಲ್ಲಿನ ಪುಟ್ಟ ಕಟ್ಟೊಂದು ಕೈಗೆ ಬಂತು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತ ಮೇಲೆ ಅವಳು ಆ ಕಟ್ಟನ್ನು ಮೇಜಿನ ನಡುವೆ ಇಟ್ಟಳು.

“ಒಂದು ಪ್ರಶ್ನೆ ಇದೆ. ಪೈಕಾಗೆ ಗಂಟು ಹಾಕೋಕೆ ಬರುತ್ತಾ?”

“ಯಾವ ಗಂಟು ಅನ್ನೋದರ ಮೇಲೆ ಹೋಗುತ್ತೆ,” ಎಂದ ಭಾವ. “ಕುಣಿಕೆ ಗಂಟಾದ್ರೆ ಕಷ್ಟ.”

“ನೀವು ಬಾಯಿ ಮುಚ್ಕೊಂಡು ಆಲೂಗಡ್ಡೆ ತಿನ್ನಿ,” ಎಂದಳು ಅಕ್ಕ. ಹಾಗೆಂದವಳ ಏಪ್ರನ್ನಿನ ಅಂಚು ಹಸಿರು ದಾರದ ಹೊಲಿಗೆಯದಾಗಿತ್ತು. ಒಂದು ಗೇಣುದ್ದ ಹೊಲಿಗೆ ಬಿಚ್ಚಿಹೋಗಿತ್ತು. ಎಲ್ಲರ ಕಣ್ಣು ಅಲ್ಲಿಗೆ ಹೋದದ್ದನ್ನು ನೋಡಿ ಅವಳು ಸೌಟನ್ನು ಕೆಳಗಿಟ್ಟಳು.

“ಹೌದಮ್ಮ, ನಾನೇ. ಏನೀಗ? ಪ್ರತಿ ಗುರುವಾರ ಅದು ನನ್ನ ಮುಖ ನೋಡ್ಕೊಂಡೇ ಕಿರುಚೋದು. ನೀನು ಅತ್ತ ಹೋದ್ಮೇಲೆ ಒಂದು ಹಿಡಿ ಒಣಹುಲ್ಲು ಇಟ್ಟು ಬರ್ತಿದ್ದೆ. ಅಷ್ಟೇ ಅಲ್ಲ, ಆ ಮುಂಡೇದು ಎಂಥೆಂಥದೋ ವಿಷದ ಎಲೆ ತಂದಿಟ್ಕೊಂಡಿತ್ತು. ಅದನ್ನೆಲ್ಲ ಆರಿಸಿ ಬಿಸಾಕ್ದೆ.”

ಸಂಶೋಧಕಿ ಎದ್ದು ನಿಂತಳು. “ಅಕ್ಕ! ಆ ವಿಷದ ಎಲೆ ಬೇಕು ಅಂತಲೇ ತರೋದು. ಅದರಿಂದ ಬಣವೆ ಕೊಳೆಯಲ್ಲ. ಚಳಿಗಾಲದ ಕೊನೆಗೆ ವಿಷ ಇಳಿದುಹೋಗಿರುತ್ತೆ, ಆಗ ಅದನ್ನೂ ತಿನ್ನುತ್ತೆ.”

“ಅದನ್ನ ನಂಗೆ ಯಾರು ಹೇಳಿದ್ರು? ಅದು ಬರೀ ಕಿರುಚ್ತಿತ್ತು.”

“ಒಂದು ಹಿಡಿಯಿಂದ ಹನ್ನೊಂದು ಕಿಲೋ ಆಗಲ್ಲ,” ಎಂದಳು ಸಂಶೋಧಕಿ. ಭಾವ ಆಲೂಗಡ್ಡೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

“ಉಪಕರಣದ ಪೆಟ್ಟಿಗೆಗಳ ಒಳಗೆ ಗೋಧಿಹುಲ್ಲು ತುಂಬಿರ್ತಾರೆ,” ಎಂದು ಕೊನೆಗೆ ಬಾಯಿಬಿಟ್ಟ. “ಒಡೀದೆ ಇರ್ಲಿ ಅಂತ. ಸುಮ್ನೆ ಬಿಸಾಡೋದ್ಯಾಕೆ ಅಂತ...”

“ನನಗೆ ಹೇಳ್ದೆ ಕೇಳ್ದೆ?” ಎಂದು ಅಕ್ಕ ಗಂಡನ ಕಡೆ ತಿರುಗಿದಳು.

“ನೀನು ನನಗೆ ಹೇಳಿದ್ಯಾ?”

ಮೈನಸ್ ಕೈ ಎತ್ತಿದ, ತರಗತಿಯಲ್ಲಿ ಎತ್ತುವಂತೆ. “ಥರ್ಮಾಮೀಟರ್ ನೋಡೋಕೆ ಹೋಗ್ವಾಗ ಅದೇ ದಾರಿ. ಬರಿಗೈಲಿ ಹೋದ್ರೆ ಅದು ನೋಡೋ ನೋಟನೇ ಬೇರೆ. ದಿನಾ ಎರಡು ಸಲ ನೋಡ್ಬೇಕಲ್ಲ ನಾನು.”

ಉಳಿದವರು ಮೇಡಂ ಒಬ್ಬರೇ. ಅವರ ಕಡೆ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಮೇಡಂ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ಆದೇಶ ಹೊರಡಿಸುವ ಧ್ವನಿಯಲ್ಲಿ, “ನಾನು ಹೂವು ಮಾತ್ರ,” ಎಂದರು.

ಊಟವಾದ ಮೇಲೆ ನಾಲ್ವರೂ ಆ ಬಟ್ಟೆಯ ಸುತ್ತ ಕೂತು ತಮ್ಮ ತಮ್ಮ ಹುಲ್ಲನ್ನು ಆರಿಸಿಕೊಳ್ಳತೊಡಗಿದರು. ನೋಡಿದವರಿಗೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುತ್ತಿರುವಂತೆ ಕಾಣುತ್ತಿತ್ತು.

“ಇದು ನಂದು,” ಎಂದ ಮೈನಸ್.

“ನಿಂದಲ್ಲ. ನೀನು ಬೇರು ಸಮೇತ ಕೀಳ್ತೀಯ, ಇದನ್ನ ಕತ್ತರೀಲಿ ಕತ್ತರಿಸಿದೆ. ಇದು ನಂದು,” ಎಂದಳು ಅಕ್ಕ.

“ಇದು ಕರಡದ ಹುಲ್ಲು. ನಾನು ಇಂಥ ಕಳಪೆ ಸಾಮಾನು ಹಾಕ್ತೀನಾ?” ಎಂದ ಭಾವ.

ಹಲ್ಲಿನಿಂದ ಓರೆಯಾಗಿ ಕತ್ತರಿಸಿದ ಕಡ್ಡಿಗಳನ್ನು ಮಾತ್ರ ಸಂಶೋಧಕಿ ಪಕ್ಕಕ್ಕೆ ಇಡುತ್ತಾ ಹೋದಳು. ಅವು ಪ್ರಾಣಿಯವೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಸಂಜೆಯ ಹೊತ್ತಿಗೆ ಲೆಕ್ಕ ಸಿದ್ಧವಾಯಿತು. ಅಕ್ಕನದು ಮೂರು ಕಿಲೋ ನಾನೂರು, ಭಾವನದು ಮೂರು ಕಿಲೋ ನೂರು, ಮೈನಸ್‌ನದು ಎರಡು ಕಿಲೋ ಮುನ್ನೂರು, ಮೇಡಂ ಅವರ ಹೂವು ಒಂದೂವರೆ ಕಿಲೋ. ಏಳನೆಯ ಪೈಕಾದ ಸ್ವಂತ ದುಡಿಮೆ ಒಂಬೈನೂರ ನಲವತ್ತು ಗ್ರಾಂ.

“ಇಷ್ಟೇನಾ?” ಎಂದಳು ಅಕ್ಕ.

ಸಂಶೋಧಕಿ ತನ್ನ ಪುಸ್ತಕ ತೆರೆದು ಕಿರುಚಿದ ಲೆಕ್ಕದ ಕಾಲಂ ತೋರಿಸಿದಳು. ಮೊದಲ ಗುರುವಾರ ನಾಲ್ಕು ಸಲ. ಎರಡನೆಯ ವಾರ ಒಂಬತ್ತು. ಕಳೆದ ವಾರ ಇಪ್ಪತ್ತಾರು. “ಕಿರುಚಿದ್ರೆ ಹುಲ್ಲು ಬರುತ್ತೆ ಅಂತ ಅದಕ್ಕೆ ಗೊತ್ತಾಗಿದೆ. ಓಡಾಡೋದನ್ನ ನಿಲ್ಲಿಸಿ ಬಿಟ್ಟಿದೆ. ಅದು ಹೊಂದಿಕೊಂಡಿರೋದು ಚಳಿಗಲ್ಲ, ನಮಗೆ.”

ನಾಲ್ವರೂ ಬೆಕ್ಕಸಬೆರಗಾಗಿ ಕಿಟಕಿಯತ್ತ ನೋಡಿದರು. ಬಂಡೆಯ ಮೇಲೆ ಏಳನೆಯದು ಕಾಲು ಮಡಚಿ ಕೂತು ಮೀಸೆ ನೆಕ್ಕಿಕೊಳ್ಳುತ್ತಿತ್ತು.

“ನಾಳೆ ಅಧ್ಯಕ್ಷರಿಗೆ ಏನು ಹೇಳ್ತೀಯ?” ಎಂದರು ಮೇಡಂ. “ಹನ್ನೊಂದು ಕಿಲೋ ಅಂತ ಹೇಳಿದ್ರೆ ನಿನ್ನ ಕೆಲಸ ಕಾಯಂ. ನಾನು ಹೇಳು ಅನ್ನಲ್ಲ, ಹೇಳಬೇಡ ಅಂತಾನೂ ಅನ್ನಲ್ಲ. ಇದರಲ್ಲಿ ನಂದು ಒಂದೂವರೆ ಕಿಲೋ ಇದೆ. ನನಗೆ ಮಾತಾಡೋ ಹಕ್ಕಿಲ್ಲ.”

ಅಮ್ಮನ ಮುಖ, ಚಿಕ್ಕಮ್ಮಂದಿರ ಮುಖ, ಸೋದರಮಾವನ ಮುಖ ಒಂದಾದ ಮೇಲೊಂದು ಸಂಶೋಧಕಿಯ ಕಣ್ಮುಂದೆ ಬಂದವು. ಆಮೇಲೆ ಅವಳು ಪುಸ್ತಕ ತೆಗೆದುಕೊಂಡು, ಏಳನೆಯ ಸಾಲಿನಲ್ಲಿದ್ದ ಅಂಕಿಯನ್ನು ಅಡ್ಡಗೆರೆಯಿಂದ ಹೊಡೆದುಹಾಕಿ, ಐದು ಹೊಸ ಸಾಲುಗಳನ್ನು ಎಳೆದಳು. ಯಾರದು ಎಷ್ಟೆಂದು ಗೊತ್ತಿದ್ದೂ ಒಂದೇ ಮೊತ್ತ ಬರೆಯುವುದು ಅವಳ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ.

ಅಧ್ಯಕ್ಷರು ಮರುದಿನ ಮಧ್ಯಾಹ್ನ ಬಂದರು. ಕೆಳಗಿನ ಬಿಸಿಲ ಊರಿನವರಾದ ಅವರು ಮೂರು ಸ್ವೆಟರ್, ಒಂದು ಕೋಟು, ಎರಡು ಟೋಪಿ ಧರಿಸಿ, ಕಿವಿ ಕುತ್ತಿಗೆ ಒಂದೂ ಕಾಣದಂತೆ ದುಂಡಗಾಗಿ, ಪೈಕಾಗಳ ಹತ್ತಿರದ ಬಂಧುವಿನಂತೆ ಜೀಪಿನಿಂದ ಇಳಿದರು. ಸಂಶೋಧಕಿ ಒಂದೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಐದು ಸಾಲುಗಳನ್ನೂ ತೋರಿಸಿದಳು. ಅಧ್ಯಕ್ಷರು ಚಹಾ ಹೀರುತ್ತಾ ಕೇಳಿಸಿಕೊಂಡರು.

“ಅಂದ್ರೆ,” ಎಂದರು ಕೊನೆಗೆ, “ಒಬ್ಬಳು ತೂಗೋಕೆ, ನಾಲ್ಕು ಜನ ತುಂಬೋಕೆ. ಎಲ್ಲಾ ಸೇರಿ ಒಂದು ಕಾಡುಪ್ರಾಣಿನ ಕೆಡಿಸಿಟ್ಟಿದ್ದೀರಿ.”

ಅವರು ಪುಸ್ತಕದ ಪುಟ ತಿರುವಿದರು.

“ಈ ಕಿರುಚಿದ ಲೆಕ್ಕ ಯಾಕೆ ಇಟ್ಟಿದ್ದು?”

“ಕಿರುಚುತ್ತಿತ್ತು ಸರ್. ಅದಕ್ಕೇ.”

ಅಧ್ಯಕ್ಷರು ಆ ಕಾಲಂ ಅನ್ನು ಬೆರಳಿನಿಂದ ಮೇಲಿಂದ ಕೆಳಕ್ಕೆ ಎರಡು ಸಲ ಸವರಿದರು. “ಹನ್ನೊಂದು ಕಿಲೋಗಿಂತ ಇದು ವಾಸಿ. ಸರಿ, ಕೇಳಿ. ನೀವು ಹಾಕಿದ ಹುಲ್ಲನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ. ಅದರ ಸ್ವಂತದ್ದು ಅದಕ್ಕೆ ಬಿಡಿ. ಹತ್ತು ದಿನ ಯಾರೂ ಒಂದು ಕಡ್ಡಿ ಕೊಡಕೂಡದು. ಅಷ್ಟರಲ್ಲಿ ಅದು ತಾನಾಗಿ ಕಾಡಿನ ರೀತಿಗೆ ಮರಳಿದ್ರೆ, ಹೆಂಗೆ ಮರಳಿತು ಅನ್ನೋದೇ ಹೊಸ ಅಧ್ಯಯನ. ಯೋಜನೆನೂ ಇರುತ್ತೆ, ನೀವೂ ಕಾಯಂ. ಮರಳದಿದ್ರೆ ಕೆಡಿಸಿದ ತಪ್ಪಿಗೆ ಯೋಜನೆ ಮುಚ್ಚುತ್ತೆ, ನೀವು ಬೆಟ್ಟ ಇಳೀರಿ. ಹನ್ನೊಂದನೇ ದಿನ, ಏನೇ ಆಗಿರ್ಲಿ, ಹುಲ್ಲು ಅದಕ್ಕೆ ವಾಪಸ್ ಕೊಡಿ. ಪ್ರಾಣಿನ ಉಪವಾಸ ಕೆಡವೋಕೆ ನಾನು ಇಷ್ಟು ಚಳೀಲಿ ಬಂದಿಲ್ಲ.”

ಹೀಗೆ ಆ ಕೇಂದ್ರದಲ್ಲಿ ಕಲ್ಲು ಮನಸ್ಸಿನ ಹತ್ತು ದಿನಗಳು ಆರಂಭವಾದವು.

ಮೊದಲ ದಿನ ಏಳನೆಯದು ಬಂಡೆಯ ಮೇಲೆ ಬಂದು ಮೂವತ್ತೊಂದು ಸಲ ಕಿರುಚಿತು. ಎರಡನೆಯ ದಿನ ನಲವತ್ತನಾಲ್ಕು. ಕಿಟಕಿಗೆ ಬೆನ್ನು ಹಾಕಿ ಅಡುಗೆ ಮಾಡಿದ ಅಕ್ಕ ಎರಡು ಪಾತ್ರೆ ಸೀಯಿಸಿದಳು. ಭಾವ ಕಿವಿಗೆ ಹತ್ತಿ ಇಟ್ಟುಕೊಂಡ; ಹೆಂಡತಿಯ ಮಾತೂ ಕೇಳಿಸದೆ ಹೋದದ್ದರಿಂದ ಅವನ ಮುಖದಲ್ಲಿ ಅಪೂರ್ವವಾದ ಶಾಂತಿ ನೆಲೆಸಿತು, ಅದನ್ನು ಕಂಡು ಅಕ್ಕ ಮೂರನೆಯ ದಿನ ಹತ್ತಿಯನ್ನು ಕಿತ್ತೆಸೆದಳು. ಮೈನಸ್ ಥರ್ಮಾಮೀಟರಿಗೆ ಹೋಗಲು ಗುಡ್ಡವನ್ನೇ ಸುತ್ತಿಕೊಂಡು ಹೋಗತೊಡಗಿದ, ಇದರಿಂದ ಬೆಳಗಿನ ಉಷ್ಣಾಂಶ ಪ್ರತಿದಿನವೂ ಮುಕ್ಕಾಲು ಗಂಟೆ ತಡವಾಗಿ ದಾಖಲಾಯಿತು. ಬಾಗಿಲ ಬಳಿ ಸಂಶೋಧಕಿ ಜೇಬು ತಪಾಸಣೆ ಏರ್ಪಡಿಸಿದಳು. ನಾಲ್ಕನೆಯ ದಿನ ಮೇಡಂ ಅವರ ಕೋಟಿನ ಜೇಬಿನಲ್ಲಿ ಮೂರು ಒಣ ಹೂವುಗಳು ಸಿಕ್ಕವು.

“ಪುಸ್ತಕದ ಪುಟಕ್ಕೆ ಗುರುತು ಇಡೋಕೆ,” ಎಂದರು ಮೇಡಂ.

“ಮೂರು ಪುಸ್ತಕ ಓದ್ತಿದ್ದೀರಾ ಮೇಡಂ?”

ಮೇಡಂ ಹೂವುಗಳನ್ನು ಒಪ್ಪಿಸಿ ಒಳಗೆ ಹೋದರು.

ಆರನೆಯ ದಿನ ಗಾಳಿಯಲ್ಲಿ ನಾಲ್ಕು ಚೂರು ಹಿಮ ತೇಲಿತು. ಉಳಿದ ಹನ್ನೊಂದು ಪೈಕಾಗಳು ಹುಚ್ಚು ಹಿಡಿದಂತೆ ಓಡಾಡಿ ಕೊನೆಯ ಹುಲ್ಲನ್ನು ಒಳಗೆ ಸೇರಿಸುತ್ತಿದ್ದವು. ಏಳನೆಯದು ಕಿಟಕಿಯನ್ನೇ ದಿಟ್ಟಿಸುತ್ತಾ ಐವತ್ತೆಂಟು ಸಲ ಕಿರುಚಿತು. ಏಳನೆಯ ದಿನ ಕಿರುಚಲಿಲ್ಲ, ಸುಮ್ಮನೆ ಕೂತಿತು. ಕಿರುಚಿದ್ದಕ್ಕಿಂತ ಅದು ಹೆಚ್ಚು ಕಷ್ಟವಾಯಿತು.

ಎಂಟನೆಯ ದಿನ ಬೆಳಗ್ಗೆ ಉಪ್ಪಿನ ಡಬ್ಬಿ ಹುಡುಕಿಕೊಂಡು ಉಗ್ರಾಣಕ್ಕೆ ಹೋದ ಅಕ್ಕನಿಗೆ ಬೀರುವಿನ ಬಾಗಿಲು ತೆರೆದಿರುವುದು ಕಂಡಿತು. ಅದರ ಮುಂದೆ ಸಂಶೋಧಕಿ ನಿಂತಿದ್ದಳು. ಕೈಯಲ್ಲಿ ಒಂದು ಹಿಡಿ ಹುಲ್ಲಿತ್ತು.

“ಏನಮ್ಮ ತಕ್ಕಡಿ, ತೂಕ ಹಾಕ್ತಿದ್ದೀಯಾ?”

“ಹೌದು ಅಕ್ಕ.”

“ತಕ್ಕಡಿ ಎಲ್ಲಿ?”

ಅಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹುಲ್ಲನ್ನು ಬೀರುವಿಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನಿನ್ನ ಕೈನೂ ನಡುಗುತ್ತೆ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು. ನಡಿ, ಚಹಾ ಕುಡಿ. ಇನ್ನೆರಡು ದಿನ.”

ಒಂಬತ್ತನೆಯ ದಿನ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಕಿಟಕಿಯ ಬಳಿಯಿದ್ದ ಮೈನಸ್ “ಹೊರಟಿತು!” ಎಂದು ಅರಚಿದ. ಐವರೂ ಕಿಟಕಿಗೆ ಮುಗಿಬಿದ್ದರು. ಏಳನೆಯದು ಬಂಡೆಯಿಂದ ಇಳಿದು, ಎಡಕ್ಕೂ ಬಲಕ್ಕೂ ನೋಡಿ, ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡು ಸಾಗುತ್ತಿತ್ತು. ಆದರೆ ಹುಲ್ಲಿರುವ ಇಳಿಜಾರಿನ ಕಡೆಗಲ್ಲ. ಅದು ನೇರವಾಗಿ ಹೋದದ್ದು ಪಕ್ಕದ ಎಂಟನೆಯ ಪೈಕಾದ ಬಂಡೆಯಡಿಗೆ. ಎಂಟನೆಯದು ಇಳಿಜಾರಿನಲ್ಲಿ ದುಡಿಯುತ್ತಿತ್ತು. ಅರ್ಧ ನಿಮಿಷದಲ್ಲಿ ಏಳನೆಯದು ಬಾಯಿಯ ಎರಡೂ ಬದಿಗೆ ಮೀಸೆಯಂತೆ ಒಣಹುಲ್ಲು ಕಚ್ಚಿಕೊಂಡು ಹೊರಬಂದು ತನ್ನ ಮನೆಗೆ ಓಟ ಕಿತ್ತಿತು.

“ಅಯ್ಯೋ, ಕದೀತಿದೆ!” ಎಂದಳು ಅಕ್ಕ.

“ಕದೀತಿದೆ!” ಎಂದು ಸಂಶೋಧಕಿ ಕುಣಿದಳು. “ಅಕ್ಕ, ಕದೀತಿದೆ! ಪೈಕಾಗಳು ಹಂಗೇ! ಅಕ್ಕಪಕ್ಕದ ಬಣವೆ ಕದಿಯೋದು ಅವುಗಳ ಹುಟ್ಟುಗುಣ!”

“ಇನ್ನೊಂದು ಸಲ ಹೋಗ್ತಿದೆ, ನೋಡಿ ನೋಡಿ,” ಎಂದ ಭಾವ, ರೇಸಿನ ಕುದುರೆಗೆ ಕೂಗುವ ಹುಮ್ಮಸ್ಸಿನಲ್ಲಿ. “ಹೋಗು ಮಗನೇ! ಎಡಗಡೆಯಿಂದ ಹೋಗು!”

ಐದನೆಯ ಸಲಕ್ಕೆ ಎಂಟನೆಯದು ಹಿಂದಿರುಗಿತು. ಕಲ್ಲುಗಳ ನಡುವೆ ಅಟ್ಟಾಟ, ಕಚ್ಚಾಟ, ಕೂದಲು ಹಾರಾಟ ಎಲ್ಲವೂ ಆಯಿತು. ಏಳನೆಯದು ತೊಡೆಗೆ ಕಚ್ಚಿಸಿಕೊಂಡರೂ ಬಾಯಲ್ಲಿದ್ದ ಹುಲ್ಲು ಬಿಡಲಿಲ್ಲ, ಮತ್ತೆ ಮತ್ತೆ ಕದಿಯಲು ಹೋಗುವುದನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಳ್ಳತನ ಅಸಾಧ್ಯವೆಂದು ಮನವರಿಕೆಯಾಗಿ, ಅದು ಇಳಿಜಾರಿಗೆ ಹೋಗಿ ತಾನೇ ಹುಲ್ಲು ಕತ್ತರಿಸತೊಡಗಿತು. ಮೊದಲು ತಂದದ್ದೇ ಒಂದು ವಿಷದ ಎಲೆ. ಅಕ್ಕ ತುಟಿ ಕಚ್ಚಿಕೊಂಡು ಸುಮ್ಮನಿದ್ದಳು.

ಸಂಶೋಧಕಿ ಅಧ್ಯಕ್ಷರಿಗೆ ಫೋನು ಮಾಡಿದಳು. ಉಳಿದವರು ಅವಳ ಸುತ್ತ ಫೋನಿಗೆ ಕಿವಿಗೊಟ್ಟು ನಿಂತರು.

“ಕದ್ದಿತಾ?” ಎಂದರು ಅಧ್ಯಕ್ಷರು. “ಎಷ್ಟು ಸಲ?”

“ಹದಿಮೂರು ಸಲ ಸರ್. ಆಮೇಲೆ ಇಳಿಜಾರಿಗೆ ಇಪ್ಪತ್ತೆರಡು ಓಡಾಟ.”

“ಸಿಕ್ಕಿಬಿತ್ತಾ?”

“ಎರಡು ಸಲ. ಕಚ್ಚಿಸಿಕೊಂಡು ಓಡಿತು.”

“ನಾಚಿಕೆ ಏನಾದ್ರೂ ಕಾಣ್ತಾ?”

“ಒಂದು ಚೂರೂ ಇಲ್ಲ ಸರ್.”

“ಹಂಗಾದ್ರೆ ಕಾಡುಪ್ರಾಣಿನೇ,” ಎಂದರು ಅಧ್ಯಕ್ಷರು. “ಆದೇಶ ಸೋಮವಾರ ಕಳಿಸ್ತೀನಿ. ನಿಮ್ಮ ತಾಯಿಗೆ ತಿಳಿಸಿ. ನನ್ನ ಕಚೇರಿಗೆ ಅವರು ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾರೆ.”

ಮೇಡಂ ನಕ್ಕರು. ಅದು ಮೂರನೆಯ ಸಲವೆಂದು ಭಾವ ಘೋಷಿಸಿದ. ಈ ಬಾರಿ ಸಾಕ್ಷಿಗಳಿದ್ದರು. ಒಬ್ಬ ಕಳ್ಳನ ಯಶಸ್ಸಿಗೆ ಐವರು ಸಭ್ಯರು ಇಷ್ಟು ಸಂತೋಷಪಟ್ಟದ್ದು ಆ ಬೆಟ್ಟದಲ್ಲಿ ಬಹುಶಃ ಅದೇ ಮೊದಲು. ಹನ್ನೊಂದನೆಯ ದಿನ ಬೀರುವಿನ ಹುಲ್ಲನ್ನು ಎಲ್ಲರೂ ಸೇರಿ ಏಳನೆಯ ಬಂಡೆಯಡಿಗೆ ಮರಳಿಸಿ, ಇನ್ನು ಮುಂದೆ ಯಾರೂ ಯಾವ ಪ್ರಾಣಿಗೂ ಏನನ್ನೂ ಕೊಡುವುದಿಲ್ಲವೆಂದು ಮೇಡಂ ಎದುರು ಮಾತು ಕೊಟ್ಟರು. ಮೇಡಂ ಕೂಡ ಮೇಡಂ ಎದುರು ಮಾತು ಕೊಟ್ಟರು.

ಮರುದಿನ ಬೆಳಗ್ಗೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಹೊರಗಿನಿಂದ ತೀಕ್ಷ್ಣವಾದ ಕೂಗೊಂದು ಕೇಳಿಸಿತು. ಬಂಡೆಯ ಮೇಲೆ ನಿಂತಿದ್ದುದು ಏಳನೆಯದಲ್ಲ. ಅದು ಇಳಿಜಾರಿನಲ್ಲಿ ದುಡಿಯುತ್ತಿತ್ತು. ಹದಿಮೂರು ಬಾಯಿ ಹುಲ್ಲು ಕಳೆದುಕೊಂಡ ಎಂಟನೆಯದು, ಅಡುಗೆಮನೆಯ ಕಿಟಕಿಯತ್ತ ಮುಖ ಮಾಡಿ, ನ್ಯಾಯ ಕೇಳುವಂತೆ ಕಿರುಚುತ್ತಿತ್ತು.

ಸಂಶೋಧಕಿ ಪುಸ್ತಕ ತೆರೆದು ಎಣಿಸತೊಡಗಿದಳು. ಐದು. ಆರು. ಏಳು. ಬೇರೆ ಯಾರೂ ಕಪ್ಪು ಕೆಳಗಿಡಲಿಲ್ಲ, ಯಾರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕೊನೆಗೆ ಅಕ್ಕ, ಬಹಳ ಸಹಜವಾದ ಧ್ವನಿಯಲ್ಲಿ, ಒಲೆಯ ಕಡೆ ನೋಡುತ್ತಾ ಕೇಳಿದಳು:

“ಅಧ್ಯಕ್ಷರು ಎಂಟನೇದರ ಬಗ್ಗೆ ಏನೂ ಹೇಳಿಲ್ಲ, ಅಲ್ವಾ?”